ರವಿವರ್ಮನ ಜೊತೆ ನನ್ನ ತಕರಾರು

ನನಗೆ ರವಿವರ್ಮ ಇಷ್ಟವಿಲ್ಲ. ಈ ಮಾತನ್ನು ಕೇರಳದಲ್ಲಿ ಕೂತು, ಅದೂ ಅವನದೇ ಒಂದು ಪಟದ ಎದುರು ಕೂತು ಬರೆಯುತ್ತಿದ್ದೇನೆ.

ಕಾಕ್ಕನಾಡಿನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಸೋಫಾದ ಎದುರುಗೋಡೆಯ ಮೇಲೆ, ಹಂಸದ ಮಾತು ಕೇಳುತ್ತ ನಿಂತ ದಮಯಂತಿಯಿದ್ದಾಳೆ. ಕೆಂಪು ಸೀರೆ, ಕಟ್ಟೆಯ ಮೇಲೆ ಕೂತ ಹಂಸ, ಓರೆಯಾಗಿ ಬಾಗಿದ ಕತ್ತು. ಕೊಚ್ಚಿಯ ಮಳೆಗಾಲದ ತೇವ ಹಿಡಿದು ಚೌಕಟ್ಟಿನ ಒಂದು ಮೂಲೆಯಲ್ಲಿ ಬೂಷ್ಟು ಬರುತ್ತದೆ. ಒಣಬಟ್ಟೆ ಹಿಡಿದು ನಾನೇ ಒರೆಸುತ್ತೇನೆ. ಮನೆ ನೋಡಲು ಬಂದ ದಿನ ಒಡತಿ ಚೇಚಿ ನೀರಿನ ಮೋಟಾರಿನ ಸ್ವಿಚ್ಚು ತೋರಿಸಿ, ಬೀಗದ ಕೈ ಎಣಿಸಿ ಕೊಟ್ಟು, ಕಡೆಗೆ ಈ ಪಟದ ಮುಂದೆ ನಿಂತರು. "ಗೋಡೆಗೆ ನಿಮಗೆ ಬೇಕಾದ ಬಣ್ಣ ಹೊಡೆಸಿಕೊಳ್ಳಿ ಮೋಳೇ, ಇದೊಂದನ್ನು ಮಾತ್ರ ಇಳಿಸಬೇಡಿ. ನಮ್ಮಪ್ಪ ತಂದು ಹಾಕಿದ್ದು" ಅಂದರು. ನಾವು ಮೈಸೂರಿನ ಕಡೆಯವರೆಂದು ತಿಳಿದಾಗ ಅವರ ಮುಖ ಅರಳಿತು. ಇಲ್ಲಿಯವರಿಗೆ ಕರ್ನಾಟಕವೆಂದರೆ ಮೊದಲು ಕೊಲ್ಲೂರು, ಬೆಂಗಳೂರು ಆಮೇಲೆ. ವರ್ಷಕ್ಕೊಮ್ಮೆ ತಪ್ಪದೆ ಮೂಕಾಂಬಿಕೆಯ ದರ್ಶನಕ್ಕೆ ಹೋಗುತ್ತಾರಂತೆ. "ಈ ಚಿತ್ರ ಬರೆದ ತಂಬುರಾನ್ ಕೂಡ ಅಲ್ಲಿಗೆ ಹೋಗಿದ್ದರು, ಗೊತ್ತಾ?" ಎಂದು ಕೇಳಿದರು.

ಗೊತ್ತಿತ್ತು. 1870ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಚಿತ್ರ ಬರೆದೇ ಬದುಕುತ್ತೇನೆಂದು ನಿರ್ಧರಿಸುವ ಮೊದಲು ರವಿವರ್ಮ ಕೊಲ್ಲೂರಿಗೆ ಬಂದು ನಲವತ್ತೊಂದು ದಿನ ವ್ರತ ಹಿಡಿದ. ಹಿಂತಿರುಗುವ ದಾರಿಯಲ್ಲಿ ಕೋಳಿಕ್ಕೋಡಿನ ಒಬ್ಬ ಮೇನೋನರ ಕುಟುಂಬದ ಚಿತ್ರ ಬರೆದು ಮೊದಲ ಸಂಭಾವನೆ ಪಡೆದ. ಅವನ ಭಾಗ್ಯದ ಬಾಗಿಲು ನಮ್ಮ ನೆಲದಲ್ಲೇ ತೆರೆಯಿತು ಎಂದು ಹೆಮ್ಮೆಪಡಬಹುದಾದ ಸಂಗತಿ. ಆದರೂ ಅವನ ಮೇಲೆ ನನ್ನ ಮನಸ್ಸು ಕೂಡಿಬರಲಿಲ್ಲ.

ಅವನನ್ನು ಇಷ್ಟಪಡದೆ ಬೆಳೆಯುವುದು ಮೈಸೂರಿನಲ್ಲಿ ಸುಲಭವಲ್ಲ. ನಮ್ಮ ಮನೆಯ ದೇವರ ಕೋಣೆಯಲ್ಲಿ ಅವನ ಲಕ್ಷ್ಮಿಯಿದ್ದಳು, ಈಗಲೂ ಇದ್ದಾಳೆ. ತಾವರೆಯ ಮೇಲೆ ನಿಂತವಳು, ಪಕ್ಕದಲ್ಲಿ ಹಾರ ಹಿಡಿದ ಆನೆ. ನಮ್ಮಜ್ಜಿ ಆ ಲಕ್ಷ್ಮಿಯ ಸೀರೆಯಂಚಿಗೆ ಜರಿ ಅಂಟಿಸಿ, ಸೊಂಟಕ್ಕೆ ಚಮಕಿ ಇಟ್ಟು, ಕಿವಿಗೆ ಪುಟ್ಟ ಮಣಿ ಕೂರಿಸಿ ಗಾಜು ಹಾಕಿಸಿದ್ದರು. ಶುಕ್ರವಾರ ದೀಪ ಹಚ್ಚಿದಾಗ ಚಮಕಿ ಮಿನುಗುತ್ತಿತ್ತು. ದೇವಿ ಉಸಿರಾಡುತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ಓದುವ ಮೇಜಿನ ಮೇಲಿದ್ದ ಸರಸ್ವತಿಯೂ ಅವನದೇ: ಬಂಡೆಯ ಮೇಲೆ ಕೂತು ವೀಣೆ ಹಿಡಿದವಳು, ಕಾಲ ಬಳಿ ನವಿಲು. ಚೆಂದದ ಹುಡುಗಿಯನ್ನು ಕಂಡರೆ "ಒಳ್ಳೇ ರವಿವರ್ಮನ ಪಟ ಇದ್ದ ಹಾಗಿದ್ದಾಳೆ" ಎನ್ನುವುದು ಮನೆಯ ಮಾತು. 1977ರ 'ಸೊಸೆ ತಂದ ಸೌಭಾಗ್ಯ' ಸಿನಿಮಾದಲ್ಲಿ ಅವನ ಹೆಸರಿನಿಂದಲೇ ಶುರುವಾಗುವ ಹಾಡನ್ನು ನಮ್ಮಪ್ಪ ಗಡ್ಡ ಹೆರೆಯುವಾಗ ಗುನುಗುತ್ತಿದ್ದರು. ಇಷ್ಟು ಮನೆಯೊಳಗೆ ಬಂದ ಕಲಾವಿದ ನನಗೆ ಇನ್ನೊಬ್ಬ ಗೊತ್ತಿಲ್ಲ.

ಅವನ ಮೇಲಿನ ನನ್ನ ಮುನಿಸಿಗೆ ಒಂದು ದಿನವಿದೆ. ನನ್ನ ದೊಡ್ಡಮ್ಮನ ಮಗಳು, ಅಂದರೆ ನನ್ನಕ್ಕ, ಕಪ್ಪು. ನಮ್ಮ ಮನೆಯಲ್ಲೆಲ್ಲ ಅವಳೇ ಚೂಟಿ, ಅವಳದೇ ಉದ್ದ ಜಡೆ, ಅವಳದೇ ಗಟ್ಟಿ ದನಿ. ಅವಳನ್ನು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು, ಅವಳಿಂದ ಒಂದು ದೇವರನಾಮ ಹಾಡಿಸಿದರು. ಹುಡುಗನ ಕಡೆಯ ಹಿರಿಯರೊಬ್ಬರು ಲೋಟ ಕೆಳಗಿಟ್ಟು, ತೆರೆದಿದ್ದ ದೇವರ ಕೋಣೆಯತ್ತ ನೋಡಿ, "ಆ ಪಟದಲ್ಲಿರೋ ಮಹಾಲಕ್ಷ್ಮಿಯಂಥ ಸೊಸೆ ಬರಬೇಕು ಅಂತ ನಮ್ಮ ಮನೆಯವರಿಗೆ ಆಸೆ" ಎಂದು ಮೆತ್ತಗೆ ಹೇಳಿದರು. ಅವರು ಕೆಟ್ಟವರಾಗಿರಲಿಲ್ಲ, ದನಿಯಲ್ಲಿ ಒರಟುತನವಿರಲಿಲ್ಲ. ಆದರೆ ಹಾಲ್‌ನಲ್ಲಿದ್ದ ಅಷ್ಟೂ ಜನರಿಗೆ ಅರ್ಥವಾಯಿತು. ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಅಡುಗೆಮನೆಗೆ ಹೋದಳು. ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಅವಳ ಕೈ ನಡುಗುತ್ತಿತ್ತು. ನನಗಾಗ ಹನ್ನೆರಡು ವರ್ಷ. ಅವತ್ತು ಸಂಜೆ ದೇವರ ಕೋಣೆಗೆ ಹೋಗಿ ಲಕ್ಷ್ಮಿಯ ಮುಖವನ್ನು ಮೊದಲ ಸಲ ಮುಖವೆಂಬಂತೆ ನೋಡಿದೆ. ಬೆಣ್ಣೆಯಲ್ಲಿ ಕಡೆದಂಥ ಕೈ, ಗುಲಾಬಿ ಕೆನ್ನೆ. ನಮ್ಮ ಬೀದಿಯಲ್ಲಿ ಅಂಥ ಬಣ್ಣದವರು ಒಬ್ಬರೂ ಇರಲಿಲ್ಲ.

ಬಿಳಿ ಚರ್ಮದ ಹುಚ್ಚನ್ನು ರವಿವರ್ಮ ತಂದನೆಂದು ನಾನು ಹೇಳುವುದಿಲ್ಲ. ಅದು ಅವನಿಗಿಂತ ಬಹಳ ಹಳೆಯದು. ಆದರೆ ಆ ಹುಚ್ಚಿಗೆ ದೇವರ ಮುಖ ಕೊಟ್ಟು ಮನೆಮನೆಯ ಗೋಡೆಗೆ ಮೊಳೆ ಹೊಡೆದದ್ದು ಅವನ ಪಟ.

ಅವನಿಗೆ ಮೊದಲು ನಮ್ಮ ದೇವರುಗಳಿಗೆ ಎಷ್ಟು ಬಣ್ಣವಿತ್ತು! ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ ಒಂದೊಂದು ದೇವತೆಗೆ ಒಂದೊಂದು ಧ್ಯಾನ, ಧ್ಯಾನಕ್ಕೆ ತಕ್ಕ ಮೈಬಣ್ಣ, ಎಣಿಸಿದಷ್ಟು ಕೈ. ಮಕ್ಕಿ ಸಫೇದ ಮೆತ್ತಿ, ಉಬ್ಬಿಸಿ, ಚಿನ್ನದ ರೇಕು ಅಂಟಿಸುವ ಮೈಸೂರಿನ ಚಿತ್ರಗಾರರಿಗೆ ದೇವಿ ಪಕ್ಕದ ಮನೆಯ ಹೆಂಗಸಿನಂತೆ ಕಾಣಬೇಕೆಂಬ ಹಂಬಲವೇ ಇರಲಿಲ್ಲ. ಇಲ್ಲಿ ಕೊಚ್ಚಿಯಲ್ಲಿ, ಮಟ್ಟಾಂಚೇರಿ ಅರಮನೆಯ ಶಯನಗೃಹದ ಗೋಡೆಗಳ ತುಂಬ ರಾಮಾಯಣ ಬರೆದಿದ್ದಾರೆ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಕಾವಿಯ ಕೆಂಪು, ಕಾವಿಯ ಹಳದಿ, ಎಲೆಹಸಿರು, ದೀಪದ ಕಾಡಿಗೆಯ ಕಪ್ಪು, ಸುಣ್ಣದ ಬಿಳಿ, ಈ ಐದೇ ಬಣ್ಣ. ಸಾತ್ವಿಕರಿಗೆ ಹಸಿರು ಮೈ, ರಾಜಸರಿಗೆ ಕೆಂಪು ಹಳದಿ. ರಾಮ ಹಸಿರಾಗಿದ್ದಾನೆ ಎಂದು ಯಾರೂ ಅಲ್ಲಿ ಮೂಗು ಮುರಿಯುವುದಿಲ್ಲ, ಯಾಕೆಂದರೆ ಆ ಬಣ್ಣ ಮನುಷ್ಯರ ಚರ್ಮದ ಅಂಗಡಿಯಿಂದ ತಂದದ್ದಲ್ಲ. ಹಸಿರು ಸೀತಾಪತಿಯನ್ನು ತೋರಿಸಿ ಯಾರೂ ಯಾವ ಹುಡುಗಿಯನ್ನೂ ಅಳೆಯಲಾರರು. ರವಿವರ್ಮ ದೇವರನ್ನು ಮನುಷ್ಯರ ಮೈಗೆ ಇಳಿಸಿದ. ಇಳಿಸಿದ ಮೇಲೆ ಯಾರ ಮೈಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಅವನು ಆರಿಸಿಕೊಂಡ. ಅವನ ನಾಯಕಿಯರಿಗೆ ಮಹಾರಾಷ್ಟ್ರದ ಕಡೆಯ ಸೀರೆ, ತಿಳಿ ಮೈಬಣ್ಣ, ಮೇಲು ಮನೆತನದ ನಿಲುವು. ಆ ಆಯ್ಕೆಯ ಜೊತೆ ನನ್ನ ತಕರಾರು.

ಈ ತಕರಾರು ಮನಸ್ಸಿನ ಮೂಲೆಯಲ್ಲಿ ಮಲಗಿತ್ತು. ಎಬ್ಬಿಸಿದವಳು ನನ್ನ ಮಗಳು.

ನಾಲ್ಕನೇ ಕ್ಲಾಸಿನವಳು. ಶಾಲೆಯಲ್ಲಿ ಮಹಾಭಾರತದ ಯಾರಾದರೊಬ್ಬರ ಚಿತ್ರ ಬರೆದು ತರಲು ಹೇಳಿದ್ದರು. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ, ಕಪ್ಪಗಿದ್ದಳೆಂದೇ ಆ ಹೆಸರು, ಬೆಂಕಿಯಿಂದ ಎದ್ದು ಬಂದವಳು ಅವಳು ಎಂದೆಲ್ಲ ನಾನು ರಾತ್ರಿ ಕತೆ ಹೇಳಿದ್ದೆ. ಅವಳು ಕಂದು ಬಣ್ಣದ ಮೇಲೆ ಕಪ್ಪು ತೀಡಿ, ಬೆರಳಿನಿಂದ ಉಜ್ಜಿ, ನಮ್ಮಕ್ಕನ ಬಣ್ಣದ್ದೇ ಒಂದು ದ್ರೌಪದಿಯನ್ನು ಬರೆದಳು. ಸುತ್ತ ಕಿತ್ತಳೆ ಜ್ವಾಲೆ. ಬಿಚ್ಚಿದ ಕೂದಲು ಕಾಗದದ ಅಂಚು ದಾಟಿ ಹೋಗಿತ್ತು. ಮರುದಿನ ಮನೆಗೆ ಬಂದಾಗ ಕಾಗದ ಚೀಲದ ತಳದಲ್ಲಿ ಮಡಚಿಕೊಂಡಿತ್ತು. ಜೊತೆಯ ಮಕ್ಕಳು ಇದು ದ್ರೌಪದಿಯಲ್ಲ, ಭೂತ ಅಂದರಂತೆ. ಒಬ್ಬ ಹುಡುಗಿ ಟೀಚರ ಫೋನಿನಲ್ಲಿ ಹುಡುಕಿಸಿ "ನಿಜವಾದ" ದ್ರೌಪದಿಯನ್ನೇ ತೋರಿಸಿದಳಂತೆ. ಯಾವುದು ಎಂದು ಕೇಳಿ ನನ್ನ ಫೋನಿನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಬಂತು. ವಿರಾಟನ ಮನೆಯಲ್ಲಿ ಕೀಚಕನಿಗೆ ಹೆದರುತ್ತ ನಿಂತ ಸೈರಂಧ್ರಿ. ರವಿವರ್ಮನದು. ಮೈಬಣ್ಣ ಗೋಧಿಗಿಂತ ತಿಳಿ.

"ಅಮ್ಮಾ, ನೀನು ಸುಳ್ಳು ಕತೆ ಹೇಳಿದೆಯಾ?" ಎಂದು ಕೇಳಿದಳು.

ವ್ಯಾಸರು ಕಪ್ಪು ಅಂದಿದ್ದಾರೆ. ಅವಳ ಹೆಸರಲ್ಲೇ ಕಪ್ಪಿದೆ. ಅದನ್ನು ಅಳಿಸಿದ್ದು ಚಿತ್ರ ಬರೆದ ಒಂದು ಕೈ. ಒಂಬತ್ತು ವರ್ಷದ ಮಗುವಿಗೆ ಮಹಾಕವಿಗಿಂತ ಆ ಕೈಯೇ ಪ್ರಮಾಣವಾಯಿತಲ್ಲ, ಅಷ್ಟು ದೊಡ್ಡ ಹೆಸರು ಅವನಿಗೆ ಯಾಕೆ ಬಂತು, ಹೇಗೆ ಬಂತು, ಅದಕ್ಕೆ ಅವನು ಅರ್ಹನೇ? ಆ ರಾತ್ರಿಯಿಂದ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ತಪ್ಪು ಹುಡುಕಬೇಕೆಂದೇ ಓದಿದೆ; ಮುಚ್ಚಿಡುವುದಿಲ್ಲ.

ಸಿಕ್ಕಿದ್ದು ಎರಡೂ ಬಗೆಯದು. ತಿರುವನಂತಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಕಿಳಿಮಾನೂರಿನಲ್ಲಿ 1848ರ ಏಪ್ರಿಲ್ 29ರಂದು ಹುಟ್ಟಿದ. ತಿರುವಾಂಕೂರು ಅರಮನೆಯ ಜೊತೆ ಹೆಣ್ಣು ಗಂಡಿನ ಸಂಬಂಧವಿದ್ದ ಮನೆತನ ಅದು. ಹದಿನಾಲ್ಕನೆಯ ವಯಸ್ಸಿಗೆ ಸೋದರಮಾವ ಕೈಹಿಡಿದು ಆಯಿಲ್ಯಂ ತಿರುನಾಳ್ ಮಹಾರಾಜರ ಮುಂದೆ ನಿಲ್ಲಿಸಿದರು. ಬಡವರ ಮನೆಯ ಹುಡುಗನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅವನು ರಾಜನಾಗಿರಲಿಲ್ಲ. ಮಾವನ ಹೆಸರು ರಾಜ ರಾಜವರ್ಮ. ಸೋದರಳಿಯ ಮಾವನ ಹೆಸರು ಮುಂದಿಟ್ಟುಕೊಳ್ಳುವ ಮರುಮಕ್ಕತ್ತಾಯದ, ಅಂದರೆ ಅಳಿಯಸಂತಾನದ, ರೂಢಿಯಿತ್ತು. 1904ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಾಗ 'ರಾಜಾ ರವಿವರ್ಮ' ಎಂದು ಕರೆಯಿತು, ಆ 'ರಾಜಾ' ಬಿರುದಿನಂತೆ ಅಂಟಿಕೊಂಡಿತು. ಮಹಾರಾಜರುಗಳು, ದಿವಾನರು, ರೈಲು, ಇಂಗ್ಲಿಷರ ಪ್ರದರ್ಶನಗಳು ಎಲ್ಲವೂ ಅವನ ಹೆಸರನ್ನು ಹೊತ್ತು ತಿರುಗಿದವು. ಬರೋಡದ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪೌರಾಣಿಕ ಚಿತ್ರಗಳಿಗೆ 50,000 ರೂಪಾಯಿ ಕೊಟ್ಟರು, ಆ ಕಾಲದಲ್ಲಿ! ಅದೇ ಕಾಲದಲ್ಲಿ ಗೋಡೆಗೆ ಸುಣ್ಣ ಹಚ್ಚಿ ತಿಂಗಳುಗಟ್ಟಲೆ ರಾಮಾಯಣ ಬರೆಯುವ ಪರಂಪರೆಯವರ ಹೆಸರನ್ನು ಬರೆದಿಡುವವರೂ ಇರಲಿಲ್ಲ.

ಇದು ಒಂದು ಬದಿ. ಇನ್ನೊಂದು ಬದಿ ಓದುವಾಗ ನನ್ನ ಮುನಿಸು ತಡವರಿಸಿತು. ಎಣ್ಣೆಬಣ್ಣದ ಗುಟ್ಟನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ತಿರುವನಂತಪುರದ ಅರಮನೆಗೆ ಬಂದಾಗ, ಕೆಲಸ ಮಾಡುವುದನ್ನು ದೂರ ನಿಂತು ನೋಡಲು ಮಾತ್ರ ಇವನಿಗೆ ಸಿಕ್ಕಿತು. ನೋಡಿ ನೋಡಿಯೇ ಕಲಿತ. ಐದು ವರ್ಷದೊಳಗೆ, 1873ರಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಹೆಂಗಸಿನ ಚಿತ್ರಕ್ಕೆ ಮದರಾಸಿನಲ್ಲಿ ಗವರ್ನರರ ಚಿನ್ನದ ಪದಕ ಬಂತು, ಅದೇ ಚಿತ್ರ ವಿಯೆನ್ನಾದಲ್ಲೂ ಬಹುಮಾನ ಗೆದ್ದಿತು. ಕದ್ದು ನೋಡಿ ಕಲಿತ ಹುಡುಗನ ಶ್ರಮವನ್ನು ಅರಮನೆಯ ನೆಂಟಸ್ತಿಕೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಅವನ ಕೀರ್ತಿಯನ್ನು ಪ್ರಶ್ನಿಸಿದವಳು ನಾನೇ ಮೊದಲಲ್ಲ. ಸೋದರಿ ನಿವೇದಿತಾ, ಇ.ಬಿ. ಹ್ಯಾವೆಲ್, ಆನಂದ ಕುಮಾರಸ್ವಾಮಿ, ಎಲ್ಲರೂ ನೂರು ವರ್ಷದ ಹಿಂದೆಯೇ ಅವನನ್ನು ಕಟುವಾಗಿ ಬೈದವರು. ನಾಟಕದ ರಂಗದಂತಿದೆ, ಪರದೇಶದ ನಕಲು, ಭಾವದ ಎತ್ತರವಿಲ್ಲ ಎಂಬುದು ಅವರ ದೂರು. ಬೋರಲಾಗಿ ಮಲಗಿ ತಾವರೆ ಎಲೆಯ ಮೇಲೆ ಪತ್ರ ಬರೆಯುವ ಶಕುಂತಲೆಯ ಭಂಗಿ ನಿವೇದಿತಾಗೆ ಸಭ್ಯವೆನಿಸಲಿಲ್ಲ. ಆ ದೂರುಗಳು ನನ್ನವಲ್ಲ. ಹುಡುಗಿ ಹೇಗಾದರೂ ಮಲಗಿ ಪತ್ರ ಬರೆಯಲಿ. ಎಣ್ಣೆಬಣ್ಣ ಹೊರಗಿನಿಂದ ಬಂತು ಎಂಬುದೂ ನನಗೆ ದೋಷವಲ್ಲ. ಹಾರ್ಮೋನಿಯಂ, ಪಿಟೀಲು ಕೂಡ ಹೊರಗಿನಿಂದಲೇ ಬಂದವು. ಟೀಕಾಕಾರರಿಗೆ ಅವನ ದೇವಿಯರು ಸಾಕಷ್ಟು ದೇವತೆಗಳಾಗಿ ಕಾಣಲಿಲ್ಲ. ನನಗೆ ಅವರು ಸಾಕಷ್ಟು ನಮ್ಮ ಹೆಂಗಸರಾಗಿ ಕಾಣಲಿಲ್ಲ.

ಒಂದು ಶನಿವಾರ ಮಗಳನ್ನು ಕರೆದುಕೊಂಡು ಎರ್ನಾಕುಳಂನಿಂದ ಬೆಳಗಿನ ರೈಲು ಹತ್ತಿದೆ. ತಿರುವನಂತಪುರ ಇನ್ನೂರು ಕಿಲೋಮೀಟರ್. ಹಿನ್ನೀರು, ತೆಂಗು, ಮತ್ತೆ ಹಿನ್ನೀರು. ಮ್ಯೂಸಿಯಂ ಆವರಣದೊಳಗೆ ಶ್ರೀ ಚಿತ್ರಾ ಆರ್ಟ್ ಗ್ಯಾಲರಿ, 1935ರಲ್ಲಿ ಶುರುವಾದದ್ದು. ರವಿವರ್ಮನ ಚಿತ್ರಗಳಿಗೆಂದೇ ಈಗ ಆ ಆವರಣದಲ್ಲಿ ಹೊಸ ಕಟ್ಟಡವೂ ಬಂದಿದೆ. ಮಗಳು ಮೊದಲು ಓಡಿದ್ದು ದಮಯಂತಿಯ ಕಡೆಗೆ. "ನಮ್ಮನೆ ಪಟ!" ಎಂದು ಕೂಗಿದಳು. ಮನೆಯ ಪಟದಲ್ಲಿ ಒಂದೇ ಬಣ್ಣವಾಗಿ ಕಂಡ ಕೆಂಪು ಇಲ್ಲಿ ಮಡಿಕೆಗೊಂದು ಕೆಂಪಾಗಿತ್ತು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಂತದ್ದು ಅಲೆಮಾರಿಗಳ ಚಿತ್ರದ ಮುಂದೆ. 1893ರಲ್ಲಿ ಷಿಕಾಗೋದ ವಿಶ್ವಮೇಳಕ್ಕೆ ಅವನು ಕಳಿಸಿದ ಹತ್ತು ಚಿತ್ರಗಳಲ್ಲಿ ಅದೂ ಒಂದು. ನೆಲದ ಮೇಲೆ ಕೂತ ಒಬ್ಬ ತಾಯಿ, ಒಂದು ತಂತಿವಾದ್ಯ, ಮೈಗೆ ಅಂಟಿಕೊಂಡ ಮಕ್ಕಳು. ಕಪ್ಪು. ಬಿಸಿಲಲ್ಲಿ ನಡೆದು ಒಣಗಿದ ಕಪ್ಪು, ಕೊರಳಿನ ಮೂಳೆಯ ಮೇಲೆ ಬೆಳಕು ಬಿದ್ದು ಹೊಳೆಯುವ ಕಪ್ಪು. ಬಣ್ಣದ ಡಬ್ಬಿಯಿಂದ ಒಂದೇ ಕಪ್ಪು ತೆಗೆದು ಬಳಿದದ್ದಲ್ಲ ಅದು. ಹತ್ತಿರ ಹೋದರೆ ಒಳಗೆ ಕೆಂಪಿದೆ, ಹಸಿರಿದೆ. ಆ ತಾಯಿಯ ಕಣ್ಣಿನಲ್ಲಿ ಹಸಿವಿದೆ, ಹಸಿವಿನ ಜೊತೆ ಇನ್ನೇನೋ ಇದೆ. ಅವಳು ಯಾರ ಕಡೆಗೂ ಕೈ ಚಾಚಿದ ಹಾಗೆ ನನಗೆ ಕಾಣಲಿಲ್ಲ.

ಮಗಳು ಬಂದು ಪಕ್ಕದಲ್ಲಿ ನಿಂತಳು. ತುಂಬ ಹೊತ್ತು ನೋಡಿದಳು. "ಇದೂ ಅವರೇ ಬರೆದದ್ದಾ?"

"ಹೂಂ."

"ಇವರಿಗೆ ಕಪ್ಪು ಬರೆಯೋಕೆ ಇಷ್ಟು ಚೆನ್ನಾಗಿ ಬರ್ತಿತ್ತಾ? ಮತ್ತೆ ದ್ರೌಪದಿಗೆ ಯಾಕೆ ಬರೆಯಲಿಲ್ಲ?"

ನಾನು ಮೂವತ್ತು ವರ್ಷ ಹುಡುಕಿದ ಮಾತನ್ನು ಅವಳು ಒಂದು ಉಸಿರಿಗೆ ಹೇಳಿಬಿಟ್ಟಳು. ಕಪ್ಪು ಬರೆಯಲು ಬಾರದೆ ಬಿಟ್ಟಿದ್ದರೆ ನಾನು ಅವನನ್ನು ಕ್ಷಮಿಸಬಹುದಿತ್ತು. ಅವನ ಕೈಗೆ ಬರುತ್ತಿತ್ತು. ಕಣ್ಣಿಗೆ ಕಂಡಿತ್ತು. ಬಡತನದ ಚಿತ್ರಕ್ಕೆ ಆ ಬಣ್ಣ ಕೊಟ್ಟ, ವ್ಯಾಸರು ಕಪ್ಪೆಂದು ಹೆಸರಿಟ್ಟ ರಾಣಿಗೆ ಕೊಡಲಿಲ್ಲ. ಅಲೆಮಾರಿ ತಾಯಿಯನ್ನು ಷಿಕಾಗೋಗೆ ಕಳಿಸಿದ ಮರುವರ್ಷವೇ, 1894ರಲ್ಲಿ, ಮುಂಬಯಿಯ ಘಾಟ್ಕೋಪರ್‌ನಲ್ಲಿ ಅವನ ಕಲ್ಲಚ್ಚಿನ ಪ್ರೆಸ್ಸು ಶುರುವಾಯಿತು. ಆಮೇಲೆ ಅದು ಲೋನಾವಳದ ಬಳಿಯ ಮಳವಳಿಗೆ ಹೋಯಿತು. ಪ್ಲೇಗು, ಸಾಲ, ನಷ್ಟಗಳಿಂದ ಸೋತು ಪ್ರೆಸ್ಸನ್ನು ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಆದರೂ ಅಷ್ಟರಲ್ಲಿ ಲಕ್ಷ್ಮಿ, ಸರಸ್ವತಿಯರು ನಮ್ಮಜ್ಜಿಯ ಅಜ್ಜಿಯ ಮನೆಯವರೆಗೂ ಹೊರಟಿದ್ದರು.

ಆ ಪ್ರೆಸ್ಸಿನ ಬಗ್ಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಲೇಬೇಕು. ತಿರುವಾಂಕೂರಿನ ದೇವಸ್ಥಾನಗಳು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಅದಕ್ಕೂ 40 ವರ್ಷ ಮೊದಲೇ ಅವನ ಪಟದ ದೇವಿ ಅಚ್ಚಾಗಿ ಪೇಟೆಗೆ ಬಂದಿದ್ದಳು. ಗರ್ಭಗುಡಿಯ ಬೆಳಕನ್ನು ದೂರದಿಂದಲೂ ನೋಡಲು ಬಿಡದ ಕಾಲದಲ್ಲಿ, ಕೆಲವು ಕಾಸು ಕೊಟ್ಟವರ ಗುಡಿಸಲಿಗೆ ದೇವಿ ತಾನೇ ನಡೆದು ಹೋದಳು. ಪೂಜೆ ಮಾಡಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನಾನು ಮುನಿದುಕೊಂಡ ಅದೇ ಕಾಗದ ಇನ್ನೊಬ್ಬರಿಗೆ ತೆರೆದ ಬಾಗಿಲಾಗಿತ್ತು. ಈ ಒಂದು ಕಾರಣಕ್ಕೆ ಅವನ ಕೀರ್ತಿಯ ದೊಡ್ಡ ಪಾಲನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಒಪ್ಪುವಾಗಲೂ, ಆ ಗುಡಿಸಲಿಗೆ ಹೋದ ದೇವಿ ಆ ಗುಡಿಸಲಿನವರ ಬಣ್ಣದವಳಾಗಿ ಹೋಗಿದ್ದರೆ ಎಂದು ಕರುಳು ಚುರುಕ್ಕೆನ್ನುತ್ತದೆ.

ಅವನ ಒಬ್ಬನ ಹೆಸರಿಗೆ ಜಮೆಯಾದ ಕೀರ್ತಿಯಲ್ಲಿ ಬೇರೆಯವರ ಬೆವರೂ ಇದೆ. ತಮ್ಮ ಸಿ. ರಾಜರಾಜವರ್ಮ ನೆರಳಿನ ಹಾಗೆ ಜೊತೆಯಲ್ಲಿದ್ದು, ಹಿನ್ನೆಲೆಯ ಗುಡ್ಡ, ಮರ, ಆಕಾಶ ಬರೆದವನು, ಲೆಕ್ಕಪತ್ರ, ಪ್ರಯಾಣ, ಪ್ರೆಸ್ಸಿನ ತಲೆನೋವು ಹೊತ್ತವನು, ದಿನಚರಿ ಬರೆದಿಟ್ಟವನು. ಅವನೇ ಒಳ್ಳೆಯ ಚಿತ್ರಕಾರ. 1905ರ ಜನವರಿಯಲ್ಲಿ ಅವನು ತೀರಿಕೊಂಡ ಮೇಲೆ ಅಣ್ಣ ಎರಡು ವರ್ಷ ಪೂರ್ತಿ ಬದುಕಲಿಲ್ಲ; 1906ರ ಅಕ್ಟೋಬರ್ 2ರಂದು ಹೋದ. ತಂಗಿ ಮಂಗಳಾಬಾಯಿ ತಂಬುರಾಟ್ಟಿಯೂ ಚಿತ್ರ ಬರೆಯುತ್ತಿದ್ದಳು. ಅಣ್ಣಂದಿರು ಬರೋಡ, ಮುಂಬಯಿ, ಮೈಸೂರು ಸುತ್ತುವಾಗ ಅವಳು ಕಿಳಿಮಾನೂರಿನ ಮನೆಯೊಳಗಿದ್ದಳು. ಮುಂಬಯಿಯ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವನ ಚಿತ್ರಗಳಿಗೆ ರೂಪದರ್ಶಿಯಾಗಿ ನಿಂತಳು. ದೇವತೆಗಳ ಮುಖವನ್ನು ಕೋಟಿ ಜನ ಪೂಜಿಸಿದರು, ಎದುರು ನಿಂತ ಹೆಂಗಸರ ಹೆಸರನ್ನು ಯಾರೂ ಕೇಳಲಿಲ್ಲ.

ನಮ್ಮ ಮೈಸೂರಿಗೆ ಅವನು ಬಂದದ್ದು ಎರಡು ಕಾಲದಲ್ಲಿ, 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಗೆ, ಆಮೇಲೆ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಗೆ. ನಾಲ್ವಡಿಯವರಿಗಾಗಿ ಒಂಬತ್ತು ಪೌರಾಣಿಕ ಚಿತ್ರ ಬರೆದ. ಅದೇ ನಾಲ್ವಡಿಯವರು 1909ರಲ್ಲಿ ನಮ್ಮ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಅವನೀಂದ್ರನಾಥ ಠಾಕೂರರಲ್ಲಿಗೆ ಕಲಿಯಲು ಕಳಿಸಿದರು. ವೆಂಕಟಪ್ಪನವರದು ತಲೆತಲಾಂತರದ ಚಿತ್ರಗಾರರ ಮನೆತನ. ಅಂಗೈ ಅಗಲದ ಕಾಗದದ ಮೇಲೆ ಊಟಿಯ ಮಂಜನ್ನು ನಿಲ್ಲಿಸಿದವರು. ಕೀರ್ತಿಗೆ ಬೆನ್ನು ಹಾಕಿ, ವೀಣೆ ಕಲಿಯುತ್ತ, ಒಂಟಿಯಾಗಿ ಬದುಕಿ 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಒಳಗೆ ಹೋಗಿ ನೋಡಿದವರು ನಿಮ್ಮ ಪರಿಚಯದಲ್ಲಿ ಎಷ್ಟು ಜನ? ರವಿವರ್ಮನ ಯಶೋದೆ ಮತ್ತು ಕೃಷ್ಣರ ಚಿತ್ರ 2023ರಲ್ಲಿ ಮುಂಬಯಿಯ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತೆಂದು ನಮ್ಮ ಆಫೀಸಿನ ಗುಂಪಿನಲ್ಲಿ ಎಲ್ಲರೂ ಹೆಮ್ಮೆಪಟ್ಟರು. ವೆಂಕಟಪ್ಪನವರ ಹೆಸರು ಹೇಳಿದರೆ ಅಲ್ಲಿದ್ದ ಕನ್ನಡದವರೂ ಯಾರು ಎಂದು ಕೇಳಿದರು. ರವಿವರ್ಮನ ಕೀರ್ತಿಯಿಂದ ಒಂದು ಮುಷ್ಟಿ ಕಿತ್ತು ಇವರಿಗೆ ಕೊಡುವಂತಿದ್ದರೆ ನಾನು ಕೊಡುತ್ತಿದ್ದೆ.

ಹಾಗಾದರೆ ಅವನು ಆ ಹೆಸರಿಗೆ ಅರ್ಹನೇ? ಮನುಷ್ಯರನ್ನು ಬರೆದ ರವಿವರ್ಮ ಅರ್ಹ. ಅಪ್ಪ ಬಂದರೆಂದು ಮಗುವಿಗೆ ತೋರಿಸುವ ಅವನ ಮಗಳು ಮಹಾಪ್ರಭೆಯ ಚಿತ್ರ, ಜಗನ್ಮೋಹನ ಅರಮನೆಯಲ್ಲಿರುವ, ಬೇರೆಬೇರೆ ಸೀಮೆಯ ಹನ್ನೊಂದು ಹೆಂಗಸರ ಸಂಗೀತಗೋಷ್ಠಿಯ 1889ರ ಚಿತ್ರ, ಆ ಅಲೆಮಾರಿ ತಾಯಿ, ಇವುಗಳ ಮುಂದೆ ನನ್ನ ತಕರಾರು ಬಾಯಿ ಮುಚ್ಚುತ್ತದೆ. ದೇವಿಯರ ಮುಖ ಹೀಗೇ ಇರುತ್ತದೆ ಎಂದು ನಮ್ಮೆಲ್ಲರಿಗಾಗಿ ತೀರ್ಮಾನಿಸಿದ ರವಿವರ್ಮನಿಗೆ ಆ ಅಧಿಕಾರವಿರಲಿಲ್ಲ. ಅದನ್ನು ಅವನಿಗೆ ಕೊಟ್ಟವರು ನಾವು.

ತಿರುವನಂತಪುರದಿಂದ ಬಂದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ದೇವರ ಕೋಣೆಯ ಆ ಲಕ್ಷ್ಮಿಯನ್ನು ತೆಗೆದುಬಿಡೋಣವಾ ಎಂದೂ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಪಟ ಯಾರು ಬರೆದದ್ದು ಅಂತ ನನಗೆ ಯಾವತ್ತೂ ಬೇಕಾಗಿರಲಿಲ್ಲ ಕಣೆ. ನನಗೆ ಅದರಲ್ಲಿ ಅತ್ತೆ ಅಂಟಿಸಿದ ಚಮಕಿ ಕಾಣುತ್ತೆ" ಅಂದರು. ಲಕ್ಷ್ಮಿ ಅಲ್ಲೇ ಇದ್ದಾಳೆ. ತೆಗೆಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಕಾಕ್ಕನಾಡಿನ ಗೋಡೆಯ ಮೇಲೆ ದಮಯಂತಿಯೂ ಇದ್ದಾಳೆ, ಒಡತಿ ಚೇಚಿಗೆ ಕೊಟ್ಟ ಮಾತು ಮೀರಿಲ್ಲ. ಅವಳ ಪಕ್ಕದಲ್ಲಿ, ಮಡಿಕೆಯ ಗೆರೆ ಇನ್ನೂ ಕಾಣುವ ಒಂದು ಕಾಗದವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಬೆಂಕಿಯ ನಡುವೆ ಎದ್ದು ನಿಂತ ಕಪ್ಪು ದ್ರೌಪದಿ. ಫೋಟೋ ತೆಗೆದು ಶಿವಮೊಗ್ಗದಲ್ಲಿರುವ ಅಕ್ಕನಿಗೆ ಕಳಿಸಿದೆ. ಬ್ಯಾಂಕಿನಲ್ಲಿ ಮ್ಯಾನೇಜರು ಅವಳು. ಮಧ್ಯಾಹ್ನದ ಗದ್ದಲದಲ್ಲೂ ತಕ್ಷಣ ಫೋನ್ ಮಾಡಿ, "ಕೂದಲು ಥೇಟ್ ನನ್ನದೇ" ಎಂದು ನಕ್ಕಳು.

ತಿರುವನಂತಪುರಕ್ಕೆ ಹೋಗುವವರಲ್ಲಿ ನನ್ನದೊಂದು ಬಿನ್ನಹ. ದಮಯಂತಿಯನ್ನು ನೀವು ಹೇಗೂ ನೋಡುತ್ತೀರಿ. ಆ ಅಲೆಮಾರಿ ತಾಯಿಯ ಮುಂದೆಯೂ ಐದು ನಿಮಿಷ ನಿಲ್ಲಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರನ್ನು ಮುಂದೆ ನಿಲ್ಲಿಸಿ.